ಮಾರಿಯೋನ ಹೆಸರು ಹೇಳಿ ಮಕ್ಕಳಿಗೆ ಬೈಯಬೇಡಿ

ಕಳೆದ ಪೆರ್ನಾಲಿನ ದಿನ ಮಧ್ಯಾಹ್ನ ಊಟ ಮುಗಿದ ಮೇಲೆ ನಮ್ಮ ಚಾವಡಿಯಲ್ಲಿ ನಡೆದ ಒಂದು ಸಣ್ಣ ವಿಷಯದಿಂದ ಶುರು ಮಾಡುತ್ತೇನೆ. ಸಣ್ಣದು ಎಂದು ಅಲ್ಲಿದ್ದವರೆಲ್ಲ ಹೇಳಿದರು. ನನಗೆ ಮಾತ್ರ ಅದು ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಿನ ಹಾಗೆ ಇನ್ನೂ ಉಂಟು.

ಶಾರ್ಜಾದಿಂದ ರಜೆಗೆ ಬಂದಿದ್ದ ನನ್ನ ಮಾಮನ ಮಗ ಒಂದು ಗೇಮ್ ಕಡ್ಡಿ ತಂದಿದ್ದ. ಬೆರಳುದ್ದದ ಸಾಮಾನು, ಟಿವಿಯ ಎಚ್‌ಡಿಎಂಐ ತೂತಿಗೆ ಸಿಕ್ಕಿಸುವುದು, ವಯರ್ ಇಲ್ಲದ ಎರಡು ರಿಮೋಟ್. ಡಬ್ಬಿಯ ಮೇಲೆ ಹತ್ತು ಸಾವಿರ ಗೇಮ್ ಎಂದು ಬರೆದಿತ್ತು. ಮಾರಿಯೋ, ಕಾಂಟ್ರಾ, ಟ್ಯಾಂಕ್, ಸರ್ಕಸ್, ರೋಡ್ ಫೈಟರ್, ಎಲ್ಲ ಉಂಟು. ಮೂವತ್ತೈದು ದಾಟಿದ ಆರು ಗಂಡಸರು ಚಾಪೆಯಲ್ಲಿ ಕುಳಿತವರು ಅಸರ್ ಬಾಂಗಿನವರೆಗೆ ಎದ್ದದ್ದಿಲ್ಲ. ನಾನೂ ಅದರಲ್ಲಿ ಒಬ್ಬ. ಮೊದಲ ಹತ್ತು ನಿಮಿಷ ಮಕ್ಕಳೂ ಸುತ್ತ ನಿಂತಿದ್ದರು. ಆಮೇಲೆ ಅವರಿಗೆ ಬೋರಾಯಿತು. ನನ್ನ ತಂಗಿಯ ಮಗನಿಗೆ ಹನ್ನೊಂದು ವರ್ಷ. ಅವನು ಒಂದೇ ಒಂದು ಪ್ರಶ್ನೆ ಕೇಳಿದ: "ಮಾಮ, ಇದರಲ್ಲಿ ಸೇವ್ ಮಾಡುವುದು ಹೇಗೆ?"

ಎಲ್ಲರೂ ನಕ್ಕರು. ಸೇವ್ ಅಂತೆ! ನಮ್ಮ ಕಾಲದಲ್ಲಿ ಸತ್ತರೆ ಸತ್ತ ಹಾಗೆ, ಮೊದಲಿನಿಂದ ಶುರು. ಹುಡುಗ ಮುಖ ಸಣ್ಣದು ಮಾಡಿಕೊಂಡು ಮೂಲೆಯಲ್ಲಿ ಕುಳಿತು ಮೊಬೈಲ್ ತೆಗೆದ. ಅಲ್ಲಿಂದ ಶುರುವಾಯಿತು ನೋಡಿ ಭಾಷಣ. ನಾವು ಕೂಡಿ ಆಡುತ್ತಿದ್ದೆವು, ಇವರು ಒಬ್ಬೊಬ್ಬರೇ. ನಮಗೆ ತಾಳ್ಮೆ ಇತ್ತು, ಇವರಿಗೆ ಬೆರಳಲ್ಲಿ ಉಜ್ಜುವುದು ಮಾತ್ರ ಗೊತ್ತು. ನಮ್ಮದು ಆಟ, ಇವರದ್ದು ಚಟ. ಮಾಮನ ಮಗ ಎದ್ದು ಹೋಗಿ ಹುಡುಗನ ಕೈಯಿಂದ ಮೊಬೈಲ್ ಕಿತ್ತು ಕಪಾಟಿನ ಮೇಲೆ ಇಟ್ಟ. ಪೆರ್ನಾಲಿನ ದಿನ, ಇಪ್ಪತ್ತು ಜನರ ಎದುರು. ಹುಡುಗ ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಬೇಸರ ಆಗುತ್ತಿರಲಿಲ್ಲ. ಆಮೇಲೆ ಮೊಬೈಲ್ ಕಿತ್ತ ಅದೇ ಕೈ ರಿಮೋಟ್ ಹಿಡಿದು ಪುನಃ ಮಾರಿಯೋನನ್ನು ಓಡಿಸಿತು.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ ಎಂದು ನಿಮಗೂ ಗೊತ್ತು. ವಾಟ್ಸಾಪಿನಲ್ಲಿ ದಿನ ಬಿಟ್ಟು ದಿನ ಬರುತ್ತದೆ, ಹಳೆಯ ಕ್ಯಾಸೆಟಿನ ಫೋಟೋ, ಕೆಳಗೆ ತೊಂಬತ್ತರ ದಶಕದ ಮಕ್ಕಳೇ ಪುಣ್ಯವಂತರು ಎನ್ನುವ ಬರಹ. ನೆನಪು ಮಾಡುವುದು ತಪ್ಪಲ್ಲ. ನೆನಪನ್ನು ಬಡಿಗೆ ಮಾಡಿಕೊಂಡು ಹನ್ನೊಂದು ವರ್ಷದ ಮಕ್ಕಳಿಗೆ ಹೊಡೆಯುವುದು ತಪ್ಪು. ಅದಕ್ಕಿಂತ ದೊಡ್ಡ ತಪ್ಪು ಎಂದರೆ, ಆ ನೆನಪು ಅರ್ಧಕ್ಕರ್ಧ ಸುಳ್ಳು. ನಾನು ಇದನ್ನು ಹೇಳಬಹುದು, ಯಾಕೆಂದರೆ ನಮ್ಮ ಊರಿನ ಹುಡುಗರು ಆ ಆಟ ಆಡಿದ್ದು ನನ್ನ ಬಾಪನ ಅಂಗಡಿಯಲ್ಲಿ.

ಉಪ್ಪಳದ ಹತ್ತಿರ, ಹೈವೇ ಬದಿಯಲ್ಲಿ ನಮ್ಮ ಅಂಗಡಿ. ಮುಂದೆ ಜಿನಸು, ಹಿಂದೆ ಮನೆ, ನಡುವೆ ಅಕ್ಕಿ ಮೂಟೆ ಇಡುವ ಒಂದು ಕೋಣೆ. 1998ರಲ್ಲಿ ಬಾಪ ಆ ಕೋಣೆಯಿಂದ ಮೂಟೆಗಳನ್ನು ಒಂದು ಬದಿಗೆ ಸರಿಸಿ ಎರಡು ಸೆಕೆಂಡ್ ಹ್ಯಾಂಡ್ ಟಿವಿ, ಎರಡು ವಿಡಿಯೋ ಗೇಮ್ ಇಟ್ಟರು. ಗಂಟೆಗೆ ಹತ್ತು ರೂಪಾಯಿ, ಅರ್ಧ ಗಂಟೆಗೆ ಐದು. ಕುಳಿತುಕೊಳ್ಳಲು ಹಲಗೆಯ ಒಂದು ಬೆಂಚು. ಗೋಡೆಯಲ್ಲಿ ಒಂದು ಗಡಿಯಾರ, ಅದು ಬಾಪ ಕುಳಿತ ಗಲ್ಲಾದಿಂದ ನೇರ ಕಾಣುವ ಹಾಗೆ. ಸಂಜೆ ಅರ್ಧ ಗಂಟೆ ಲೋಡ್ ಶೆಡ್ಡಿಂಗ್ ಬಂದರೆ ಆ ಅರ್ಧ ಗಂಟೆ ಲೆಕ್ಕಕ್ಕಿಲ್ಲ. ಸಾಲ ಇಲ್ಲ. ಶಾಲೆಯ ಯೂನಿಫಾರಂನಲ್ಲಿ ಬಂದವನಿಗೆ ಪ್ರವೇಶ ಇಲ್ಲ. ಬಾಂಗ್ ಕೇಳಿದರೆ ಟಿವಿ ಬಂದ್.

ಆ ಬೆಂಚಿನಲ್ಲಿ ಯಾರು ಯಾರು ಕುಳಿತಿದ್ದರು ಎಂದು ಈಗ ಯೋಚಿಸಿದರೆ ಆಶ್ಚರ್ಯ ಆಗುತ್ತದೆ. ನಮ್ಮಲ್ಲಿ ಕನ್ನಡ ಮೀಡಿಯಂ ಮಕ್ಕಳದ್ದೇ ಒಂದು ಗುಂಪು, ಮಲಯಾಳ ಮೀಡಿಯಂ ಮಕ್ಕಳದ್ದೇ ಇನ್ನೊಂದು. ಮೈದಾನದಲ್ಲಿ ಬೇರೆ, ಬಸ್‌ಸ್ಟ್ಯಾಂಡಿನಲ್ಲಿ ಬೇರೆ. ಗೇಮ್ ಕೋಣೆಯಲ್ಲಿ ಮಾತ್ರ ಬ್ಯಾರಿ, ತುಳು, ಮಲಯಾಳ, ಕನ್ನಡ ಎಲ್ಲ ಒಂದೇ ಬೆಂಚು, ಯಾಕೆಂದರೆ ಇದ್ದದ್ದೇ ಒಂದು ಬೆಂಚು. ಪರದೆಯ ಮೇಲೆ ಬರುತ್ತಿದ್ದ ಜಪಾನಿ ಅಕ್ಷರ ಯಾರಿಗೂ ಓದಲು ಬರುತ್ತಿರಲಿಲ್ಲ, ಅದರಲ್ಲಿ ಎಲ್ಲರೂ ಸಮಾನ.

ಬಾಪನಿಗೆ ಗೇಮಿನ ಒಂದಕ್ಷರ ಗೊತ್ತಿರಲಿಲ್ಲ. ಆದರೆ ಯಾವ ಹುಡುಗ ಯಾರ ಮಗ, ಅವನ ಕೈಗೆ ಹತ್ತು ರೂಪಾಯಿ ಎಲ್ಲಿಂದ ಬಂತು, ನಿನ್ನೆ ಎಷ್ಟು ಹೊತ್ತು ಆಡಿದ್ದ, ಎಲ್ಲ ಗೊತ್ತಿತ್ತು. ಒಬ್ಬ ಹುಡುಗ ಐವತ್ತು ರೂಪಾಯಿಯ ನೋಟು ತಂದರೆ ಬಾಪ ಚಿಲ್ಲರೆ ಕೊಡುವ ಬದಲು ಅವನ ಮನೆಗೆ ಹೇಳಿ ಕಳಿಸುತ್ತಿದ್ದರು. "ಇವತ್ತಿಗೆ ನಿನಗೆ ಸಾಕು, ಹೋಗು" ಎಂದರೆ ಸಾಕು, ಹುಡುಗ ಎದ್ದ.

2001ರಲ್ಲಿ ಆ ಕೋಣೆ ಬಂದ್ ಆಯಿತು. ನಷ್ಟದಿಂದ ಅಲ್ಲ. ಊರಿನ ನಾಲ್ಕು ಹಿರಿಯರು, ಒಂದಿಬ್ಬರು ಮಾಸ್ಟ್ರುಗಳು ಬಂದು ಅಂಗಡಿಯ ಎದುರು ನಿಂತು ಹೇಳಿದರು: ಮಕ್ಕಳು ಹಾಳಾಗುತ್ತಾರೆ. ಕಣ್ಣು ಹೋಗುತ್ತದೆ. ಓದು ಇಲ್ಲ, ಮೈದಾನಕ್ಕೆ ಹೋಗುವುದಿಲ್ಲ, ಹಿರಿಯರು ಕರೆದರೆ ತಿರುಗಿ ನೋಡುವುದಿಲ್ಲ. ಇದು ಆಟ ಅಲ್ಲ, ಚಟ. ಅಂಗಡಿಯವನಿಗೆ ಗಿರಾಕಿಯ ಮಾತು ಮೀರುವ ಹಾಗಿಲ್ಲ. ಬಾಪ ಅಂದೇ ರಾತ್ರಿ ವಯರ್ ಸುತ್ತಿ ಎರಡೂ ಡಬ್ಬಿಗಳನ್ನು ಅಟ್ಟಕ್ಕೆ ಹಾಕಿದರು. ಮರುದಿನ ಅಕ್ಕಿ ಮೂಟೆ ಹಳೆಯ ಜಾಗಕ್ಕೆ ಬಂತು.

ಹಾಗೆ ಬೈದವರ ಮಕ್ಕಳೇ ಇವತ್ತು ದುಬೈಯಿಂದ, ದಮ್ಮಾಮಿನಿಂದ ಆ ಫೋಟೋಗಳನ್ನು ಕಳಿಸುತ್ತಿರುವುದು. ತಮ್ಮ ತಂದೆ ಬೈದ ಮಾತನ್ನು ಅಕ್ಷರ ಬದಲಿಸದೆ ತಮ್ಮ ಮಕ್ಕಳಿಗೆ ಬೈಯುತ್ತಿದ್ದಾರೆ. ಅಂದು ಆ ಮಾತು ಸುಳ್ಳಾಗಿತ್ತು ಎನ್ನುವುದಕ್ಕೆ ಅವರೇ ಸಾಕ್ಷಿ. ಹಾಳಾಗಲಿಲ್ಲವಲ್ಲ! ಒಬ್ಬ ಅಕೌಂಟೆಂಟ್, ಒಬ್ಬನಿಗೆ ಸೂಪರ್ ಮಾರ್ಕೆಟ್, ಒಬ್ಬ ಮಂಗಳೂರಿನಲ್ಲಿ ಡಾಕ್ಟರ್.

ಊರಿನ ಹಿರಿಯರನ್ನು ಮಾತ್ರ ದೂರುವುದು ನ್ಯಾಯವಲ್ಲ. ಈ ಹೆದರಿಕೆ ಲೋಕದ ಎಲ್ಲ ಕಡೆ ಇತ್ತು. ಫಿಲಿಪೈನ್ಸ್‌ನ ಮಾರ್ಕೋಸ್ 1981ರಲ್ಲಿ ಇಡೀ ದೇಶದಲ್ಲೇ ವಿಡಿಯೋ ಗೇಮ್ ಯಂತ್ರಗಳನ್ನು ನಿಷೇಧಿಸಿದ. ಆಟ ಹುಟ್ಟಿದ ಜಪಾನಿನಲ್ಲೂ ತಂದೆತಾಯಿಗಳ ಗಲಾಟೆ ಕಡಿಮೆ ಇರಲಿಲ್ಲ. ಅಲ್ಲಿ ಹಡ್ಸನ್ ಕಂಪನಿಯ ತಕಹಾಶಿ ಎನ್ನುವವನು ಮಕ್ಕಳ ನಡುವೆ ಸಿನಿಮಾ ನಟನಷ್ಟು ಪ್ರಸಿದ್ಧ, ಸೆಕೆಂಡಿಗೆ ಹದಿನಾರು ಸಲ ಬಟನ್ ಒತ್ತುವವನು ಎಂದು ಹೆಸರು. ಗೇಮ್ ಮಾರುವ ಕಂಪನಿಯ ಮನುಷ್ಯನೇ ಮಕ್ಕಳಿಗೆ ಹೇಳುತ್ತಿದ್ದ, ದಿನಕ್ಕೆ ಒಂದು ಗಂಟೆ ಸಾಕು ಎಂದು. ನಾವು 'ಐಲ್ಯಾಂಡರ್' ಎಂದು ಕರೆಯುತ್ತಿದ್ದ ಗೇಮ್ ನೆನಪುಂಟಾ, ಹುಲ್ಲಿನ ಲುಂಗಿ ಸುತ್ತಿದ ದಪ್ಪ ಮನುಷ್ಯ ಕಲ್ಲಿನ ಕೊಡಲಿ ಎಸೆಯುವುದು? ಅದು 'ಅಡ್ವೆಂಚರ್ ಐಲ್ಯಾಂಡ್', ಆ ದಪ್ಪ ಮನುಷ್ಯನೇ ತಕಹಾಶಿ, ಅವನನ್ನು ನೋಡಿಯೇ ಮಾಡಿದ ಚಿತ್ರ. ದಿನಕ್ಕೆ ಒಂದು ಗಂಟೆ ಎಂದು ಹೇಳಿದವನನ್ನು ನಾವು ದಿನಕ್ಕೆ ಎರಡು ಗಂಟೆ ಓಡಿಸಿದೆವು.

ಈಗ ನೆನಪಿನ ಸುಳ್ಳಿಗೆ ಬರೋಣ. ಆರು ಪಥದ ಹೈವೇಗೆ ನಮ್ಮ ಅಂಗಡಿಯ ಮುಂಭಾಗ ಹೋಯಿತು. ಅಟ್ಟ ಖಾಲಿ ಮಾಡುವಾಗ ಗಲ್ಫಿನ ಕಂಬಳಿ ಬ್ಯಾಗಿನಲ್ಲಿ ಎರಡೂ ಗೇಮ್ ಡಬ್ಬಿಗಳು ಸಿಕ್ಕಿದವು. ನಾನು ಕಲಿತದ್ದು ಮೆಕ್ಯಾನಿಕಲ್ ಡಿಪ್ಲೊಮಾ, ಹೊಟ್ಟೆಪಾಡು ಎಸಿ ಮತ್ತು ಕಂಪ್ರೆಸರ್ ರಿಪೇರಿ. ಆದರೆ ಸ್ಕ್ರೂ ಕಂಡರೆ ಸುಮ್ಮನಿರುವ ಜಾತಿ ನಮ್ಮದಲ್ಲ. ಬಿಚ್ಚಿ ನೋಡಿದೆ.

ಮೊದಲನೆಯದು: ನಾವು ಯಾರೂ ನಿಂಟೆಂಡೋ ಆಡಿದವರಲ್ಲ. ನಿಂಟೆಂಡೋ ಕಂಪನಿ ಜಪಾನಿನಲ್ಲಿ ಫ್ಯಾಮಿಲಿ ಕಂಪ್ಯೂಟರ್ ಎನ್ನುವ ಯಂತ್ರವನ್ನು 1983ರ ಜುಲೈಯಲ್ಲಿ ಬಿಟ್ಟಿತು, ಅದರ ವಿನ್ಯಾಸ ಮಸಾಯುಕಿ ಉಎಮುರಾ ಅವರದ್ದು. ನಮ್ಮ ಕೈಗೆ ಬಂದದ್ದು ಅದರ ನಕಲು. ನಮ್ಮ ಡಬ್ಬಿಯೊಳಗೆ ನಲ್ವತ್ತು ಕಾಲಿನ ಎರಡು ಉದ್ದ ಚಿಪ್, ಮೇಲೆ ಯುಎಂಸಿ ಎಂಬ ತೈವಾನ್ ಕಂಪನಿಯ ಗುರುತು, 6527ಪಿ ಮತ್ತು 6538. ಕ್ಯಾಸೆಟೂ ನಕಲು. ಮೇಲೆ 9999999 ಗೇಮ್ ಎಂದು ಬರೆದಿರುತ್ತದೆ, ಒಳಗೆ ಇದ್ದದ್ದು ಬೆರಳೆಣಿಕೆ, ಅವನ್ನೇ ಬೇರೆ ಬೇರೆ ಹೆಸರಿನಲ್ಲಿ ತಿರುಗಿಸಿ ತಿರುಗಿಸಿ ಪಟ್ಟಿ ಮಾಡಿದ್ದು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ನಕಲು ಇಲ್ಲದಿದ್ದರೆ ಉಪ್ಪಳದ ಜಿನಸಿನಂಗಡಿಗೆ ಆ ಆಟ ಬರುತ್ತಲೇ ಇರಲಿಲ್ಲ. ಆದರೆ ಮಕ್ಕಳ ಎದುರು 'ಒರಿಜಿನಲ್ ಗೇಮ್ ಅಂದರೆ ನಮ್ಮದು' ಎಂದು ಎದೆ ಉಬ್ಬಿಸುವಾಗ ಇದು ಸ್ವಲ್ಪ ನೆನಪಿರಲಿ.

ಎರಡನೆಯದು ಊದುವ ಕಥೆ. ಪ್ರತಿಯೊಬ್ಬನೂ ಹೇಳುತ್ತಾನೆ, ಗೇಮ್ ಬರದಿದ್ದರೆ ಕ್ಯಾಸೆಟ್ ತೆಗೆದು ಊದಿ ಹಾಕಿದರೆ ಬರುತ್ತಿತ್ತು ಎಂದು. ಬಂದದ್ದು ನಿಜ, ಊದಿದ್ದರಿಂದ ಅಲ್ಲ. ತೆಗೆದು ಪುನಃ ಹಾಕುವಾಗ ಪಿನ್ನುಗಳು ಬೇರೆ ಕಡೆ ತಾಗುತ್ತವೆ, ಸಂಪರ್ಕ ಸರಿಯಾಗುತ್ತದೆ, ಅಷ್ಟೇ. ಬಾಯಿಯ ಎಂಜಲು ಮತ್ತು ತೇವದಿಂದ ಆ ತಾಮ್ರದ ಪಟ್ಟಿಗಳು ನಿಧಾನಕ್ಕೆ ಹಾಳಾದವು. ಹಾಗೆ ಮಾಡಬೇಡಿ ಎಂದು ನಿಂಟೆಂಡೋ ಕಂಪನಿಯೇ ಹೇಳಿತ್ತು. ನಮ್ಮ ಬ್ಯಾಗಿನಲ್ಲಿದ್ದ ಕ್ಯಾಸೆಟುಗಳಲ್ಲಿ ನಾವು ಹೆಚ್ಚು ಪ್ರೀತಿಯಿಂದ ಊದಿದವೇ ಹೆಚ್ಚು ಹಸಿರು ಹಿಡಿದಿದ್ದವು.

ಮೂರನೆಯದನ್ನು ನಾನು ಕಂಡುಹಿಡಿದದ್ದಲ್ಲ, ನನ್ನ ತಂಗಿ ಕಂಡುಹಿಡಿದದ್ದು. ಅದಕ್ಕೆ ಅವಳ ಬಗ್ಗೆ ಹೇಳಬೇಕು.

ಅವಳು ನನಗಿಂತ ಮೂರು ವರ್ಷಕ್ಕೆ ಸಣ್ಣವಳು. ಕೋಣೆ ಶುರುವಾದಾಗ ಅವಳಿಗೆ ಎಂಟು. ಹಗಲು ಹುಡುಗರು, ಹಾಗಾಗಿ ಅವಳಿಗೆ ಆ ಬಾಗಿಲಿನ ಹತ್ತಿರ ಬರುವ ಹಾಗಿಲ್ಲ. ರಾತ್ರಿ ಅಂಗಡಿ ಮುಚ್ಚಿ ಬಾಪ ಲೆಕ್ಕ ಬರೆಯುವ ಹೊತ್ತಿಗೆ ಅರ್ಧ ಗಂಟೆ ನಾವಿಬ್ಬರು ಆಡುತ್ತಿದ್ದೆವು. ಕಾಂಟ್ರಾದಲ್ಲಿ ಮೂವತ್ತು ಜೀವ ಸಿಗುವ ಒಂದು ಗುಟ್ಟು ಉಂಟಲ್ಲ, ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ, ಆಮೇಲೆ ಬಿ, ಎ. ಕೊನಾಮಿ ಕಂಪನಿಯ ಕಝುಹಿಸಾ ಹಾಶಿಮೊಟೊ ಎನ್ನುವವರು 1986ರಲ್ಲಿ ಗ್ರಾಡಿಯಸ್ ಎಂಬ ಬೇರೊಂದು ಗೇಮಿಗೆಂದು ಇಟ್ಟದ್ದು ಅದು, ತನಗೇ ಆ ಗೇಮ್ ಕಷ್ಟ ಆಗುತ್ತಿತ್ತೆಂದು. ನಮ್ಮ ಬೆಂಚಿನ ಶೂರರೆಲ್ಲ ಮೂವತ್ತು ಜೀವ ತೆಗೆದುಕೊಂಡೇ ಆಡಿದವರು. ನನ್ನ ತಂಗಿ ಮೂರು ಜೀವದಲ್ಲಿ ಜಲಪಾತದ ಸ್ಟೇಜ್ ದಾಟುತ್ತಿದ್ದಳು. ನಾನು ಎರಡನೆಯ ರಿಮೋಟಿನಲ್ಲಿ ಅವಳ ಹಿಂದೆ, ಅವಳು ಮೇಲೆ ಹತ್ತಿದಾಗ ಪರದೆ ಸರಿದು ನಾನು ಸಾಯುವುದು.

ಹತ್ತು ತುಂಬಿದಾಗ ಉಮ್ಮ ಹೇಳಿದರು, ಸಾಕು ಇನ್ನು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಸಾಕು, ಅಷ್ಟೇ. ಅದರ ನಂತರ ಕೋಣೆ ಇನ್ನೂ ಒಂದು ವರ್ಷ ನಡೆಯಿತು. ನಾನು ಆಡಿದೆ. ಅವಳು ಹಲಗೆಯ ಗೋಡೆಯ ಈ ಕಡೆ ಅಡುಗೆ ಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಾ ಕೇಳುತ್ತಿದ್ದಳು. ಆ ಕಡೆಯಿಂದ ಬರುವ ಶಬ್ದದಲ್ಲೇ ಯಾರು ಯಾವ ಸ್ಟೇಜಿನಲ್ಲಿ ಸತ್ತರು ಎಂದು ಹೇಳುತ್ತಿದ್ದಳು. ನನಗೆ ಆಗ ಅದು ತಮಾಷೆ ಅನಿಸಿತ್ತು.

ಹುಡುಗಿಯರಿಗೆ ಇದರಲ್ಲಿ ಆಸಕ್ತಿ ಇಲ್ಲ ಎನ್ನುವ ಮಾತು ಈಗಲೂ ಕೇಳುತ್ತೇನೆ. ನೀವು ಗುನುಗುವ ಬಾಂಬರ್‌ಮ್ಯಾನಿನ ಸಂಗೀತ ಮಾಡಿದ್ದು ಜುನ್ ಚಿಕುಮಾ ಎಂಬ ಹೆಂಗಸು. ಸ್ಟ್ರೀಟ್ ಫೈಟರ್ 2 ರ ಹೆಚ್ಚಿನ ಸಂಗೀತ ಯೋಕೊ ಶಿಮೊಮುರಾ ಎಂಬ ಹೆಂಗಸಿನದ್ದು. ಜಪಾನಿನಲ್ಲಿ ಹೆಂಗಸರು ಮಾಡಿದ ಆಟವನ್ನು ಉಪ್ಪಳದಲ್ಲಿ ಹುಡುಗಿಯರು ಆಡಬಾರದು. ಈ ನಿಯಮ ಮಾಡಿದ್ದು ಮಾರಿಯೋ ಅಲ್ಲ, ನಾವು.

ಪೆರ್ನಾಲಿನ ದಿನಕ್ಕೆ ಬರುತ್ತೇನೆ. ಗಂಡಸರು ಚಾವಡಿಯಲ್ಲಿ, ತಂಗಿ ಅಡುಗೆ ಮನೆಯಲ್ಲಿ ಸಂಜೆಯ ನೆಯ್ ಪತ್ತಿರ್‌ಗೆ ಹಿಟ್ಟು ನಾದುತ್ತಿದ್ದಳು. ಮಾರಿಯೋನ ಮೊದಲ ಸ್ಟೇಜಿನ ಸಂಗೀತ ಬಂತು. ಅವಳು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ಒಂದು ಕ್ಷಣ ನಿಂತು ಹೇಳಿದಳು: "ಇದೇನು ಇಷ್ಟು ಅರ್ಜೆಂಟಲ್ಲಿ ಓಡುತ್ತಾ ಉಂಟು? ನಮ್ಮದು ಹೀಗಿರಲಿಲ್ಲ." ಒಬ್ಬ ಹೇಳಿದ, ನಿನಗೆಂತ ಗೊತ್ತು, ನೀನು ಆಡಿದವಳಾ? ಎಲ್ಲರೂ ನಕ್ಕರು. ಹುಡುಗನ ಪ್ರಶ್ನೆಗೆ ನಕ್ಕವರೇ. ಅವಳು ಒಳಗೆ ಹೋದಳು. ಅದಾಗಿ ಐದು ನಿಮಿಷಕ್ಕೆ ಅವಳ ಮಗನ ಮೊಬೈಲ್ ಕಪಾಟಿನ ಮೇಲೆ ಹೋಯಿತು.

ನನಗೆ ಆ ಮಾತು ತಲೆಯಲ್ಲಿ ಉಳಿಯಿತು. ಮುಂದಿನ ವಾರ ಹಳೆಯ ಡಬ್ಬಿಗೆ ಕೈ ಹಾಕಿದೆ. ಹೆಚ್ಚೇನೂ ಹಾಳಾಗಿರಲಿಲ್ಲ. ಅಡಾಪ್ಟರಿನಿಂದ 9 ವೋಲ್ಟ್ ಬರುತ್ತದೆ, ಚಿಪ್‌ಗಳಿಗೆ ಬೇಕಾದದ್ದು 5. ನಡುವೆ 7805 ಎಂಬ ಮೂರು ಕಾಲಿನ ರೆಗ್ಯುಲೇಟರ್, ಉಳಿದ 4 ವೋಲ್ಟನ್ನು ಬಿಸಿ ಮಾಡಿ ಬಿಸಾಡುವುದು ಅದರ ಕೆಲಸ. ಗೇಮ್ ಡಬ್ಬಿ ಕಾಯುತ್ತಿದ್ದದ್ದು, ಬಾಪ ಅದರ ಮೇಲೆ ಅಂಗೈ ಇಟ್ಟು ನೋಡುತ್ತಿದ್ದದ್ದು ಇದರಿಂದ. ರೆಗ್ಯುಲೇಟರ್ ಬದಲಿಸಿದೆ, ಉಬ್ಬಿದ ಒಂದು ಕೆಪ್ಯಾಸಿಟರ್ ಬದಲಿಸಿದೆ, ಪವರ್ ಸಾಕೆಟಿನ ಬಿರುಕಿಗೆ ಬೆಸುಗೆ ಹಾಕಿದೆ. ದೀಪ ಹೊತ್ತಿತು.

ಈಗಿನ ಎಲ್‌ಇಡಿ ಟಿವಿಯಲ್ಲಿ ಚಿತ್ರ ನಡುಗುತ್ತದೆ, ಬಂದು ಬಂದು ಹೋಗುತ್ತದೆ. ಆ ಹಳೆಯ ಸಿಗ್ನಲ್ ಅದಕ್ಕೆ ಸರಿಯಾಗಿ ಅರ್ಥ ಆಗುವುದಿಲ್ಲ. ಶಬ್ದ ಮಾತ್ರ ಸರಿ. ಅಷ್ಟು ಸಾಕಿತ್ತು. ಮಾರಿಯೋನ ಮೊದಲ ಸ್ಟೇಜಿನಲ್ಲಿ ಮೇಲೆ ಟೈಮ್ 400 ಎಂದು ಇರುತ್ತದಲ್ಲ. ಮಾರಿಯೋನನ್ನು ಕದಲಿಸದೆ ನಿಲ್ಲಿಸಿ, ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, 400 ಮುಗಿದು ಅವನು ಸಾಯುವ ಸಂಗೀತ ಬರುವವರೆಗೆ ಕಾದೆ. ಶಾರ್ಜಾದ ಕಡ್ಡಿಯಲ್ಲಿ ಸುಮಾರು 2 ನಿಮಿಷ 40 ಸೆಕೆಂಡ್. ಬಾಪನ ಡಬ್ಬಿಯಲ್ಲಿ ಸುಮಾರು 3 ನಿಮಿಷ 12 ಸೆಕೆಂಡ್.

ಕಾರಣ ಸರಳ. ಜಪಾನ್ ಮತ್ತು ಅಮೆರಿಕದ ಟಿವಿಯಲ್ಲಿ ಸೆಕೆಂಡಿಗೆ 60 ಸಲ ಚಿತ್ರ ಬದಲಾಗುತ್ತದೆ, ನಮ್ಮ ದೇಶದ ಪಾಲ್ ಪದ್ಧತಿಯ ಟಿವಿಯಲ್ಲಿ 50 ಸಲ. ಆ ಕಾಲದ ಗೇಮ್‌ಗಳು ಹೊತ್ತನ್ನು ಲೆಕ್ಕ ಹಾಕುವುದೇ ಈ ಚಿತ್ರಗಳನ್ನು ಎಣಿಸಿ. ಮಾರಿಯೋದಲ್ಲಿ 24 ಚಿತ್ರ ಹೋದರೆ ಟೈಮ್ ಒಂದು ಕಡಿಮೆ. ನಮ್ಮ ಡಬ್ಬಿಯ ತೈವಾನ್ ಚಿಪ್ 50ರ ಟಿವಿಗೆಂದು ಮಾಡಿದ್ದು, ಕ್ಯಾಸೆಟಿನೊಳಗಿನ ಗೇಮ್ 60ರ ದೇಶದ್ದು. ಹಾಗಾಗಿ ಓಟ, ಹಾರಾಟ, ಸಂಗೀತದ ತಾಳ ಎಲ್ಲವೂ ಆರರಲ್ಲಿ ಐದು ಪಾಲು ವೇಗಕ್ಕೆ ಇಳಿದವು. ಸ್ವರ ಮಾತ್ರ ಹೆಚ್ಚು ಕಡಿಮೆ ಅದೇ. ಕೊಜಿ ಕೊಂಡೊ ಮಾಡಿದ ಸಂಗೀತವನ್ನು ನಾವು ಅವರು ಯೋಚಿಸಿದ ತಾಳದಲ್ಲಿ ಒಂದು ದಿನವೂ ಕೇಳಿದವರಲ್ಲ.

ಅಂದರೆ ನಮ್ಮ ಚುರುಕು ಬೆರಳು, ನಮ್ಮ ತಾಳ್ಮೆ, ನಮ್ಮ ಸಾಮರ್ಥ್ಯ ಎಂದೆಲ್ಲ ಮಕ್ಕಳ ಎದುರು ಹೇಳಿಕೊಂಡೆವಲ್ಲ, ನಾವು ಆಡಿದ್ದು ಸ್ಲೋ ಮೋಷನಿನಲ್ಲಿ. ಟೋಕಿಯೋದ ಹುಡುಗನಿಗೆ 160 ಸೆಕೆಂಡ್ ಸಿಕ್ಕಿದ ಕಡೆ ನಮಗೆ 192. ಮೇಲಿಂದ ಮೂವತ್ತು ಜೀವ! ಚಾವಡಿಯಲ್ಲಿ ಕುಳಿತ ಆರು ಗಂಡಸರಲ್ಲಿ, ನನ್ನನ್ನೂ ಸೇರಿಸಿ, ಒಬ್ಬನಿಗೂ ಈ ವ್ಯತ್ಯಾಸ ತಿಳಿಯಲಿಲ್ಲ. ಮೂರು ವರ್ಷ ಬೆಂಚಿನಲ್ಲಿ ಕುಳಿತು ಆಡಿದವರು ಮರೆತದ್ದನ್ನು, ಹೊರಗೆ ಕಳಿಸಲ್ಪಟ್ಟವಳು ಗೋಡೆಯ ಆಚೆಯಿಂದ ಕೇಳಿ ನೆನಪಿಟ್ಟುಕೊಂಡಿದ್ದಳು.

ಇಷ್ಟು ಹೇಳಿದ ಮೇಲೆ ಒಂದು ಮಾತು ಒಪ್ಪಬೇಕು. ಈಗಿನ ಮೊಬೈಲ್ ಗೇಮ್‌ಗಳಿಗೂ ಅಂದಿನದ್ದಕ್ಕೂ ವ್ಯತ್ಯಾಸ ಇಲ್ಲ ಎಂದು ನಾನು ಹೇಳುವುದಿಲ್ಲ. ಉಂಟು. ಸೂಪರ್ ಮಾರಿಯೋ 1985ರ ಗೇಮ್, ಗಾತ್ರ 40 ಕಿಲೋಬೈಟ್. ನೀವು ಕಳಿಸುವ ಒಂದು ಗುಡ್ ಮಾರ್ನಿಂಗ್ ಫೋಟೋ ಅದಕ್ಕಿಂತ ದೊಡ್ಡದು. ಜಾಗ ಇಲ್ಲದೆ ಮೋಡದ ಚಿತ್ರಕ್ಕೇ ಹಸಿರು ಬಳಿದು ಪೊದೆ ಮಾಡಿದ್ದಾರೆ. ಆ ಗೇಮಿಗೆ ನಿಮ್ಮ ಮಗ ಯಾರು, ಎಷ್ಟು ಹೊತ್ತು ಆಡುತ್ತಾನೆ, ಯಾವಾಗ ಬೇಸರ ಪಡುತ್ತಾನೆ ಎಂದು ಗೊತ್ತಿರಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ. ಈಗಿನ ಬಿಟ್ಟಿ ಗೇಮ್‌ಗೆ ಅದೆಲ್ಲ ಗೊತ್ತು. ನಿಲ್ಲಿಸುವ ಹೊತ್ತಿಗೆ ಸರಿಯಾಗಿ ಒಂದು ಡಬ್ಬಿ ತೋರಿಸುತ್ತದೆ, ಒಳಗೆ ಏನುಂಟೆಂದು ಹೇಳದೆ ಹಣ ಕೇಳುತ್ತದೆ. ಬೆಲ್ಜಿಯಂ ದೇಶ 2018ರಲ್ಲಿ ಇಂಥ ಡಬ್ಬಿಗಳನ್ನು ಜೂಜು ಎಂದೇ ಪರಿಗಣಿಸಿತು. ನಮ್ಮ ಕೇಂದ್ರ ಸರಕಾರವೂ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಮೇಲೆ 2025ರಲ್ಲಿ ಕಾನೂನು ತಂದಿತು. ಹೆದರಬೇಕಾದದ್ದು ಉಂಟು, ಅದನ್ನು ನಾನು ಮುಚ್ಚಿಡುವುದಿಲ್ಲ.

ಆದರೆ ಆ ಹೆದರಿಕೆಗೆ ಮದ್ದು ಮಾರಿಯೋ ಅಲ್ಲ. ಅಂದು ನಮ್ಮನ್ನು ಕಾಪಾಡಿದ್ದು ಗೇಮ್ ಒಳ್ಳೆಯದಿತ್ತೆಂದಲ್ಲ. ಕಾಂಟ್ರಾ ಮೊದಲು ಬಂದದ್ದು ನಾಣ್ಯ ಹಾಕಿ ಆಡುವ ಯಂತ್ರವಾಗಿ, ನಿಮ್ಮನ್ನು ಬೇಗ ಕೊಂದು ಇನ್ನೊಂದು ನಾಣ್ಯ ಹಾಕಿಸುವುದೇ ಅದರ ವ್ಯಾಪಾರ. ಹಣ ಕೀಳುವ ಬುದ್ಧಿ ಅಂದೂ ಇತ್ತು. ಅಂದು ಇದ್ದದ್ದು, ಇಂದು ಇಲ್ಲದ್ದು ಒಂದೇ: ಗಲ್ಲಾದಲ್ಲಿ ಕುಳಿತು ಗಡಿಯಾರ ನೋಡುವ ಒಬ್ಬ ಮನುಷ್ಯ. ಐವತ್ತರ ನೋಟು ಎಲ್ಲಿಂದ ಬಂತು ಎಂದು ಕೇಳುವವನು. ನಮ್ಮ ಊರಿನವರು ಬಂದ್ ಮಾಡಿಸಿದ್ದು ಅವನನ್ನೇ. ಗೇಮ್ ಬಂದ್ ಆಗಲಿಲ್ಲ. ಅದು ಸೈಬರ್ ಕೆಫೆಗೆ ಹೋಯಿತು, ಮನೆಯ ಕಂಪ್ಯೂಟರಿಗೆ ಹೋಯಿತು, ಕೊನೆಗೆ ಕಂಬಳಿಯೊಳಗೆ ಮೊಬೈಲಿಗೆ ಬಂತು.

ಮಕ್ಕಳ ಮೊಬೈಲ್ ಕೀಳುವ ತಂದೆಯಂದಿರಿಗೆ ನಾನು ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಮಗ ಆಡುವ ಗೇಮಿನ ಹೆಸರು ಗೊತ್ತುಂಟಾ? ಅದರಲ್ಲಿ ಗೆಲ್ಲುವುದು ಹೇಗೆ, ಹಣ ಕೇಳುವುದು ಎಲ್ಲಿ, ಅವನ ಜೊತೆ ಆ ಕಡೆಯಿಂದ ಆಡುವುದು ಯಾರು? ನನ್ನ ಬಾಪನಿಗೆ ಗೇಮ್ ಗೊತ್ತಿರಲಿಲ್ಲ, ಹುಡುಗ ಗೊತ್ತಿದ್ದ. ನಿಮಗೆ ಎರಡೂ ಗೊತ್ತಿಲ್ಲ. ಕೊಲ್ಲಿಯಲ್ಲಿ ಹನ್ನೊಂದು ತಿಂಗಳು ದುಡಿಯುವವನಿಗೆ ಮಗನ ಪಕ್ಕ ಕುಳಿತುಕೊಳ್ಳಲು ಎಲ್ಲಿ ಪುರುಸೊತ್ತು ಎಂದು ಕೇಳಬಹುದು. ನ್ಯಾಯದ ಪ್ರಶ್ನೆ. ನಾನೂ ಆರು ವರ್ಷ ಅಲ್ಲಿ ಇದ್ದವನು, ಆ ರೂಮಿನ ಒಂಟಿತನ ಗೊತ್ತು. ಹಾಗಾದರೆ ಸಿಕ್ಕಿದ ಒಂದು ತಿಂಗಳಲ್ಲಾದರೂ, ಬೆನ್ನು ಹಾಕಿ ಮಾರಿಯೋ ಆಡುವ ಬದಲು ಅವನ ಕಡೆ ತಿರುಗಿ ಕುಳಿತರೆ ಆಗದಾ? ಆ ಕಡ್ಡಿಯ ಹಣದಲ್ಲಿ ಅವನ ಜೊತೆ ಆಡುವ ಎರಡನೇ ರಿಮೋಟ್ ಬರುತ್ತಿತ್ತು.

ಹುಡುಗನ 'ಸೇವ್' ಪ್ರಶ್ನೆಗೆ ನಾನು ಉತ್ತರ ಕೊಟ್ಟೆ, ಎರಡು ವಾರ ತಡವಾಗಿ. ಹಳೆಯ ಡಬ್ಬಿಯಲ್ಲಿ ಸೇವ್ ಇಲ್ಲ, ಕರೆಂಟ್ ಹೋದರೆ ಎಲ್ಲ ಹೋಯಿತು, ಹೆಚ್ಚಿನ ಕ್ಯಾಸೆಟಿನೊಳಗೆ ನೆನಪು ಉಳಿಸುವ ಬ್ಯಾಟರಿ ಇರಲಿಲ್ಲ ಎಂದು ಬಿಚ್ಚಿ ತೋರಿಸಿದೆ. ಅವನು ಅರ್ಧ ಗಂಟೆ ಆ ಎರಡು ಚಿಪ್ ನೋಡಿದ, ನಂಬರ್ ಬರೆದುಕೊಂಡ. ಅವನ ಅಕ್ಕ, ಹದಿಮೂರು ವರ್ಷ, ಬಾಗಿಲಲ್ಲಿ ನಿಂತಿದ್ದಳು. ಬೆಸುಗೆ ಹಾಕುವುದನ್ನು ಅವಳಿಗೇ ಮೊದಲು ಕಲಿಸಿದೆ. ಕೈ ನಡುಗುವುದಿಲ್ಲ ಅವಳದ್ದು, ತಾಯಿಯ ಹಾಗೆ.

ತಂಗಿಗೆ 160 ಮತ್ತು 192ರ ಲೆಕ್ಕ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು, ಕಾಂಟ್ರಾದ ಕ್ಯಾಸೆಟ್ ಉಂಟಾ ಎಂದು. ಉಂಟು, ಹಸಿರು ಹಿಡಿದಿತ್ತು, ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಉಜ್ಜಿ ಸರಿ ಮಾಡಿದ್ದೇನೆ.

ಈಗ ಬೇಕಾದದ್ದು ಟಿವಿ ಮಾತ್ರ. ಎಲ್‌ಇಡಿಯಲ್ಲಿ ಚಿತ್ರ ನಿಲ್ಲುವುದಿಲ್ಲ, ಬಾತುಕೋಳಿಗೆ ಗುಂಡು ಹೊಡೆಯುವ ಗನ್ ಅಂತೂ ಹಳೆಯ ಪಿಕ್ಚರ್ ಟ್ಯೂಬಿನ ಟಿವಿ ಇಲ್ಲದೆ ಕೆಲಸವೇ ಮಾಡುವುದಿಲ್ಲ. ತಲಪಾಡಿಯಿಂದ ಕುಂಬಳೆಯವರೆಗೆ ಯಾರ ಮನೆಯ ಅಟ್ಟದಲ್ಲಾದರೂ ಹೊಟ್ಟೆ ದಪ್ಪದ ಹಳೆಯ ಟಿವಿ ಇದ್ದರೆ ಗುಜರಿಗೆ ಹಾಕುವ ಮೊದಲು ನನಗೆ ತಿಳಿಸಿ. ಹದಿನಾಲ್ಕು ಇಂಚಿನದ್ದಾದರೂ ಆಗುತ್ತದೆ. ಹಾಳಾಗಿದ್ದರೂ ಪರವಾಗಿಲ್ಲ, ಟ್ಯೂಬ್ ಒಡೆದಿರಬಾರದು. ರಿಕ್ಷಾ ಮಾಡಿಕೊಂಡು ನಾನೇ ಬರುತ್ತೇನೆ.